ಚಿಕ್ಕಿ ಗೋಡೆಯಾಚೆ ಹೋದ ವರ್ಷ

ನನಗೆ ಹೊಟ್ಟೆಕಿಚ್ಚು ಬಹಳ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದಿರಿ ಎಂದು ಬೀಗುವುದು ಬೇಡ. ನನ್ನ ಗಂಡ ಬಾಳಪ್ಪ ಮಗ್ಗದ ಕುಣಿಯಲ್ಲಿ ಕೂತು ಕಂಬಳಿ ನೇಯುತ್ತಾ ಇದನ್ನು ಮೂವತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾನೆ. ಯಾರ ರೊಟ್ಟಿ ಚೆನ್ನಾಗಿ ಉಬ್ಬಿದರೂ, ಯಾರ ಸೊಸೆ ಬೇಗ ಎದ್ದು ಅಂಗಳ ಸಾರಿಸಿದರೂ ನನಗೆ ಸಂಕಟವಾಗುತ್ತದಂತೆ. ಅವನು ಹೇಳುವುದು ಸುಳ್ಳಲ್ಲ. ಆದರೆ ಅದೆಲ್ಲ ಸಣ್ಣಪುಟ್ಟ ಉರಿ, ಒಂದು ತಂಬಿಗೆ ನೀರು ಕುಡಿದರೆ ಆರುವಂಥದ್ದು. ನಿಜವಾದ ಕಿಚ್ಚು ಏನೆಂದು ಗೊತ್ತಾದದ್ದು ಚಿಕ್ಕಿ ನನ್ನನ್ನು ಬಿಟ್ಟು ಪಕ್ಕದ ಮನೆ ದುಂಡವ್ವನ ದೊಡ್ಡಿಗೆ ಹೋದ ದಿನ.

ಚಿಕ್ಕಿ ನನ್ನ ಕುರಿ. ಕರಿ ಮೈ, ಹಣೆಯ ಮೇಲೆ ಮಾತ್ರ ಒಂದು ಬಿಳಿ ಚುಕ್ಕೆ. ಹುಟ್ಟಿದ ಮೂರನೆಯ ದಿನಕ್ಕೆ ಅದರ ತಾಯಿ ಸತ್ತಿತು. ಆಡಿನ ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸಿ, ಮಗ್ಗುಲಲ್ಲಿ ಮಲಗಿಸಿಕೊಂಡು, ಅದಕ್ಕೆ ಭೇದಿಯಾದಾಗ ನಾನು ಊಟ ಬಿಟ್ಟು ಬದುಕಿಸಿದೆ. ನನ್ನ ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆಯಿಂದ ಬಂದಾಗಲೆಲ್ಲ, ನಮ್ಮನ್ನ ಇಷ್ಟ ಮುದ್ದು ಮಾಡಿದ್ದು ನೆನಪಿಲ್ಲ ನೋಡವಾ ಎಂದು ಚುಚ್ಚುತ್ತಿದ್ದರು. ಚುಚ್ಚಲಿ ಬಿಡಿ. ನಾಲ್ಕು ವರ್ಷ ಚಿಕ್ಕಿ ನನ್ನ ಹತ್ತಿರವೇ ಉಳಿಯಿತು, ಅದೂ ತಾನಾಗಿಯೇ.

ತಾನಾಗಿಯೇ ಎಂದೆ. ಯಾಕೆಂದರೆ ನಮ್ಮೂರಲ್ಲಿ ಕುರಿ, ಆಡು, ದನ, ನಾಯಿ ಯಾವುದನ್ನೂ ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಜೋಳದ ರಾಶಿ ಮುಗಿದ ಮೇಲೆ ಬರುವ ಮೊದಲ ಸೋಮವಾರ ಬೆಳಿಗ್ಗೆ ಊರಿನ ಎಲ್ಲ ದೊಡ್ಡಿಗಳ ಬಾಗಿಲು ತೆರೆಯುತ್ತೇವೆ, ಎಲ್ಲ ಹಗ್ಗ ಬಿಚ್ಚುತ್ತೇವೆ. ಅವು ಹೊರಗೆ ಬಂದು, ಬೀದಿಯಲ್ಲಿ ನಿಂತು, ನೋಡಿ, ಮೂಸಿ, ತಮಗೆ ಬೇಕಾದ ಮನೆಗೆ ಹೋಗುತ್ತವೆ. ಮುಂದಿನ ವರ್ಷದ ಆ ಸೋಮವಾರದವರೆಗೆ ಅವು ಆ ಮನೆಯವು. ಬೇರೆ ಊರುಗಳಲ್ಲಿ ಒಂದು ಕುರಿ ಹೋದ ಕಡೆ ಹಿಂಡೆಲ್ಲ ಹೋಗುತ್ತದೆ ಎನ್ನುತ್ತಾರೆ. ನಮ್ಮಲ್ಲೂ ವರ್ಷವಿಡೀ ಹಾಗೆಯೇ, ಆ ಒಂದು ದಿನ ಮಾತ್ರ ಒಂದೊಂದೂ ಬೇರೆ ಬೇರೆ ಯೋಚನೆ ಮಾಡುತ್ತದೆ. ಕರೆಯಬಾರದು, ತಿನಿಸು ತೋರಿಸಬಾರದು. ಬಾಯಿ ಜಾರಿ ಹೆಸರು ಬಂದೀತೆಂದು ಮನೆಯವರೆಲ್ಲ ಬಾಯಿ ತುಂಬ ನೀರು ತುಂಬಿಕೊಂಡು ಹೊಸ್ತಿಲ ಮೇಲೆ ಕೂರುತ್ತಾರೆ. ಕೊನೆಯ ಪ್ರಾಣಿ ಒಂದು ಬಾಗಿಲು ಹೊಕ್ಕ ಮೇಲೆಯೇ ಉಗುಳುವುದು.

ಈ ಏರ್ಪಾಡಿಗೆ ಎಲ್ಲರೂ ಹೊಂದಿಕೊಂಡಿದ್ದೇವೆ. ಜೋಡಿ ಎತ್ತುಗಳಲ್ಲಿ ಒಂದು ಮೇಲಿನ ಓಣಿಗೆ ಹೋದರೆ ಆ ಎರಡು ಮನೆಯವರು ಜಗಳ ಮರೆತು ಕೂಡಿ ಉಳುತ್ತಾರೆ. ಹಿಂಡೇ ಹೋದವರು ಇನ್ನೊಬ್ಬರ ಉಣ್ಣೆ ನೂಲುತ್ತಾರೆ. ನಮ್ಮನ್ನು ನಂಬಿ ಬಂದ ಕುರಿಯ ಕುತ್ತಿಗೆಗೆ ಕತ್ತಿ ಹಿಡಿಯುವ ಕೈ ನಮಗೆ ಯಾರಿಗೂ ಇಲ್ಲವಾದ್ದರಿಂದ ಮಾಂಸ ಹೊಳೆಯಾಚೆಯ ಸಂತೆಯಿಂದ ಬರುತ್ತದೆ. ಇನ್ನೊಬ್ಬರ ಮನೆಯ ಪ್ರಾಣಿಗೆ ಕದ್ದು ತಿನಿಸು ಕೊಟ್ಟು ಒಲಿಸಿಕೊಂಡವರಿಗೆ ಒಂದೇ ಶಿಕ್ಷೆ. ಅವರ ದೊಡ್ಡಿಯ ಬಾಗಿಲಿಗೆ ಮುಳ್ಳು ಹಚ್ಚುತ್ತಾರೆ, ಐದು ವರ್ಷ. ಆ ಐದು ವರ್ಷ ಅಲ್ಲಿಗೆ ಯಾವ ಪ್ರಾಣಿಯೂ ಹೋಗುವಂತಿಲ್ಲ. ನಾನು ಮದುವೆಯಾಗಿ ಬಂದ ಮೇಲೆ ಅದನ್ನು ಒಂದೇ ಸಲ ನೋಡಿದ್ದೆ. ಆ ಮನೆಯವನು ಮೂರನೆಯ ವರ್ಷಕ್ಕೆ ಊರು ಬಿಟ್ಟ.

ಆ ಸೋಮವಾರ ಚಿಕ್ಕಿ ಹೊರಗೆ ಬಂದು ನನ್ನನ್ನು ನೋಡಿತು. ಮೈ ಕೊಡವಿಕೊಂಡಿತು. ಆಮೇಲೆ ಎಡಕ್ಕೆ ತಿರುಗಿ, ಸಂತೆಗೆ ಹೊರಟವಳ ಹಾಗೆ ನೆಟ್ಟಗೆ ನಡೆದು ದುಂಡವ್ವನ ಬಾಗಿಲು ಹೊಕ್ಕಿತು. ನನ್ನ ಬಾಯಲ್ಲಿದ್ದ ನೀರು ಯಾವಾಗ ಗಂಟಲಿಗಿಳಿಯಿತೋ ಗೊತ್ತಾಗಲಿಲ್ಲ. ಅದರ ಹಿಂದೆ ನನ್ನ ಇನ್ನೂ ಆರು ಕುರಿ ಹೋದವು, ಅವುಗಳ ಕಡೆ ನಾನು ಕಣ್ಣೆತ್ತಲೂ ಇಲ್ಲ.

ದುಂಡವ್ವ ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಗಂಡ ಸತ್ತು ಬಹಳ ದಿನವಾಗಿದೆ. ನಮ್ಮ ಎರಡು ಹಿತ್ತಿಲುಗಳ ನಡುವೆ ಎದೆಯೆತ್ತರದ ಒಂದು ಮಣ್ಣಿನ ಗೋಡೆ. ಅವಳು ಏನಾದರೂ ಮಾಡಿದ್ದರೆ ನನ್ನ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಅವಳು ಏನೂ ಮಾಡುವುದಿಲ್ಲ. ದೊಡ್ಡಿಯನ್ನು ಎರಡು ದಿನಕ್ಕೊಮ್ಮೆ ಗುಡಿಸುತ್ತಾಳೆ. ನೀರಿಡುವುದನ್ನು ಮರೆತು, ಅವು ಒದರಿದ ಮೇಲೆ ಅಯ್ಯ ನನ್ನ ಬುದ್ಧಿಗಿಷ್ಟು ಎಂದು ನಗುತ್ತಾ ಕೊಡ ತರುತ್ತಾಳೆ. ಕುರಿಗಳ ನಡುವೆ ಕೂತು ರೊಟ್ಟಿ ತಿನ್ನುತ್ತಾ ಅವುಗಳಿಗೆ ತನ್ನ ಮಂಡಿನೋವಿನ ವಿಚಾರ ಹೇಳುತ್ತಾಳೆ. ನಾನು ದಿನಾ ಗುಡಿಸಿ, ತಿಂಗಳಿಗೊಮ್ಮೆ ತೊಳೆದು, ಗೊರಸಿನ ಸಂದಿಯ ಮಣ್ಣು ಕಡ್ಡಿಯಿಂದ ತೆಗೆದು ಸಾಕಿದವಳು. ಆ ವರ್ಷ ಅವಳ ದೊಡ್ಡಿಗೆ ಮೂವತ್ತೊಂದು ಕುರಿ ಬಂದವು. ನನಗೆ ಬಂದದ್ದು ಎರಡು ನಾಯಿ.

"ಲಗಮವ್ವ, ಬ್ಯಾಸರ ಮಾಡ್ಕೋಬ್ಯಾಡ. ಚಿಕ್ಕಿ ಉಣ್ಣೆ ಕತ್ತರಿಸಿದಾಗ ನಿನಗ ಕೊಡತೀನಿ. ನೀ ಸಾಕಿದ್ದು," ಎಂದಳು ದುಂಡವ್ವ ಗೋಡೆಯ ಮೇಲಿಂದ, ಅವತ್ತೇ ಸಂಜೆ.

"ಬ್ಯಾಡಕ್ಕಾ. ನಮಗೇನ ಉಣ್ಣೆಗೆ ಬರ ಬಂದಿಲ್ಲ," ಎಂದೆ. ಬಾಯಿಂದ ಅಕ್ಕಾ ಎಂದೆನೇ ಹೊರತು, ಅವಳ ಕರುಣೆಯನ್ನು ಕಂಡು ಮೈಯೆಲ್ಲ ಉರಿಯಿತು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನಾಯಿಗಳ ಮೇಲೆ ನನ್ನ ಹಟವನ್ನೆಲ್ಲ ತೀರಿಸಿಕೊಂಡೆ. ಒಂದಕ್ಕೆ ಹಂಡ್ಯಾ ಎಂದೂ, ಬೊಗಳದೇ ಇರುವ ಇನ್ನೊಂದಕ್ಕೆ ಮೂಗ್ಯಾ ಎಂದೂ ಹೆಸರಿಟ್ಟೆ. ನಾಯಿ ಸಾಕಿದರೆ ಲಗಮವ್ವನ ಹಾಗೆ ಸಾಕಬೇಕು ಎಂದು ಊರವರು ಅನ್ನಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ವಾರಕ್ಕೆರಡು ಸಲ ಹೊಳೆಯಾಚೆಯ ಮಾಂಸದ ಅಂಗಡಿಗೆ ಹೋಗಿ ಮಾರಾಟವಾಗದೆ ಉಳಿದ ತುಣುಕು, ಗುಂಡಿಗೆ, ಗಂಟಲು ತಂದು ಹಸಿಯದನ್ನೇ ಹಾಕುತ್ತಿದ್ದೆ. ಮೈ ಮಿರಿಮಿರಿ ಮಿಂಚುತ್ತಿತ್ತು ಅವುಗಳದ್ದು. ಒಂದು ಕೆಟ್ಟ ಚಾಳಿ ಇತ್ತು. ಬೆಳಿಗ್ಗೆ ಎದ್ದ ತಕ್ಷಣ ಗೋಡೆ ಹಾರಿ ದುಂಡವ್ವನ ಮೇವಿನ ಬಣವೆಯ ಮೇಲೆ ಹೊರಳಾಡಿ, ಅಲ್ಲೇ ಸುತ್ತಮುತ್ತ ಹೇತು ಬರುತ್ತಿದ್ದವು. ನಾನು ನೋಡುತ್ತಿದ್ದೆ. ಒಮ್ಮೆಯೂ ಗದರಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅದೊಂದು ಖುಷಿಯಾಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕಿ ಜಡವಾಯಿತು. ಹಿಂಡು ಮೇಯಲು ಹೊರಟರೆ ಕೊನೆಗೆ ಏಳುತ್ತಿತ್ತು. ಬಿಸಿಲು ಬಿದ್ದ ಕಡೆ ಹುಡುಕಿ ಮಲಗುತ್ತಿತ್ತು. ಕುತ್ತಿಗೆಯ ಉಣ್ಣೆ ಹಿಡಿದರೆ ಗೊಂಚಲಾಗಿ ಕೈಗೆ ಬರುತ್ತಿತ್ತು, ಗೋಡೆಯ ಮೇಲೆಲ್ಲ ಕರಿ ಎಳೆ. ಮಿಕ್ಕ ಕುರಿಗಳೂ ಹಾಗೆಯೇ ಒಂದೊಂದಾಗಿ ಮಂಕಾಗುತ್ತಿದ್ದವು, ಆದರೆ ನನ್ನ ಕಣ್ಣಿಗೆ ಬಿದ್ದದ್ದು ಒಂದೇ. ಮೊದಲು ನನಗಾದದ್ದು ಸಂತೋಷ. ನನ್ನನ್ನು ನೆನೆಸಿಕೊಂಡು ಕೊರಗುತ್ತಿದೆ ಎಂದುಕೊಂಡೆ. ಆ ದಿನ ಎರಡು ರೊಟ್ಟಿ ಹೆಚ್ಚಾಗಿ ತಿಂದೆ.

ಆಮೇಲೆ ದಿನಾ ನೋಡುತ್ತಾ ನೋಡುತ್ತಾ ಅದು ನನಗೆ ಗೊತ್ತಿರುವ ಜಡ ಅನಿಸಿತು. ಮೂರು ವರ್ಷದ ಹಿಂದೆ ನನಗೂ ಹೀಗೇ ಆಗಿತ್ತು. ಸೆಕೆಯಲ್ಲೂ ಚಳಿ, ಕೂತಲ್ಲೇ ನಿದ್ದೆ, ಬಾಚಿದರೆ ಹಣಿಗೆ ತುಂಬ ಕೂದಲು, ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಹೊಳೆಯಾಚೆಯ ಆಸ್ಪತ್ರೆಯಲ್ಲಿ ರಕ್ತ ನೋಡಿ, ಗಂಟಲಲ್ಲಿರುವ ಥೈರಾಯ್ಡ್ ಗ್ರಂಥಿ ಕೆಲಸ ಕಮ್ಮಿ ಮಾಡುತ್ತಿದೆ ಎಂದಿದ್ದರು. ಅಂದಿನಿಂದ ದಿನಾ ಖಾಲಿ ಹೊಟ್ಟೆಗೆ ಒಂದು ಬಿಳಿ ಗುಳಿಗೆ. ಒಂದು ತಿಂಗಳಲ್ಲಿ ನಾನು ಮೊದಲಿನ ಲಗಮವ್ವ ಆಗಿದ್ದೆ. ಚಿಕ್ಕಿಗೂ ಅದೇ ಬೇನೆ, ಅದಕ್ಕೂ ಅದೇ ಗುಳಿಗೆ ಬೇಕು ಎಂದು ನನ್ನ ಬುದ್ಧಿ ತೀರ್ಮಾನ ಮಾಡಿತು. ನಾಲ್ಕಕ್ಷರ ಓದದಿದ್ದರೂ ವೈದ್ಯ ಮಾಡುವುದಕ್ಕೆ ನಾವು ಹಿಂದೆ ಬೀಳುವವರಲ್ಲ.

ಮರುದಿನ ಬೆಳಿಗ್ಗೆ ದುಂಡವ್ವ ಬಾವಿಗೆ ಹೋದಾಗ ನನ್ನ ಪಾಲಿನ ಗುಳಿಗೆಯನ್ನು ಪುಡಿ ಮಾಡಿ, ಬೆಲ್ಲದಲ್ಲಿ ಉಂಡೆ ಕಟ್ಟಿ, ಗೋಡೆಯ ಮೇಲಿಂದ ಚಿಕ್ಕಿಯ ಬಾಯಿಗಿಟ್ಟೆ. ಅದು ನನ್ನ ಅಂಗೈಯನ್ನು ಪೂರ್ತಿ ನೆಕ್ಕಿತು. ಕದ್ದು ತಿನಿಸು ಕೊಡುವುದೆಂದರೆ ಇದೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪ್ರೀತಿಯಿಂದ ಕೊಟ್ಟೆ ಎಂದರೆ ಅರ್ಧ ಸುಳ್ಳಾಗುತ್ತದೆ. ಬಾಗಿಲು ತೆರೆಯುವ ಸೋಮವಾರ ಅದಕ್ಕೆ ನಾಲ್ಕು ಹೆಜ್ಜೆ ನಡೆಯುವ ತ್ರಾಣ ಇರಬೇಕು, ಆ ನಾಲ್ಕು ಹೆಜ್ಜೆ ನನ್ನ ಕಡೆಗೆ ಇರಬೇಕು. ಗುಳಿಗೆ ಎರಡಿದ್ದರೂ ನಾನು ಇನ್ನೊಂದು ಕುರಿಗೆ ಕೊಡುತ್ತಿರಲಿಲ್ಲ. ದುಂಡವ್ವನ ಮಿಕ್ಕ ಕುರಿ ಏನಾದರೆ ನನಗೇನು ಎಂಬ ಮನಸ್ಸು ನನ್ನದು.

ಎರಡು ತಿಂಗಳು ಹೀಗೇ ನಡೆಯಿತು. ಚಿಕ್ಕಿ ಚುರುಕಾಯಿತು. ನಾನು ಜಡವಾದೆ.

"ಏನ ಲಗಮವ್ವ, ಕದಿರು ಹಿಡಕೊಂಡ ಗೊರಕಿ ಹೊಡ್ಯಾಕತ್ತೀ? ಈ ಎಳಿ ನೋಡ, ಒಂದ ಕಡೆ ಹಗ್ಗ, ಒಂದ ಕಡೆ ಕೂದಲಾಗೇತಿ. ಇದನ್ನ ನೇಯ್ದರ ಕಂಬಳಿ ಹೊದ್ದವರಿಗೆ ಗೊತ್ತಾಗತೈತಿ ನಿನಗ ಎಲ್ಲೆಲ್ಲಿ ನಿದ್ದಿ ಬಂದಿತ್ತಂತ," ಎಂದ ಬಾಳಪ್ಪ. ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿ ಕಾಯಿಸಲು ಹೇಳಿದ್ದರೆ ನಾನು ಒಲೆಯ ಮುಂದೆಯೇ ತೂಕಡಿಸಿ ಅದನ್ನು ತಳ ಹಿಡಿಸಿದ್ದೆ. "ಗುಳಿಗಿ ತಗೊಳ್ಳಾಕತ್ತೀಯೋ ಇಲ್ಲೋ?"

"ತಗೊಳ್ಳಾಕತ್ತೀನಿ," ಎಂದೆ. ಡಬ್ಬಿ ಖಾಲಿಯಾಗುತ್ತಿತ್ತಲ್ಲ, ಅದನ್ನು ನೋಡಿ ಅವನು ನಂಬಿ ಮಗ್ಗಕ್ಕೆ ಇಳಿದ.

ಆದರೆ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಚಿಕ್ಕಿ ಚುರುಕಾಗಿತ್ತು, ದಪ್ಪವಾಗಿರಲಿಲ್ಲ. ಮೇಯುತ್ತಿತ್ತು, ನಿಂತಲ್ಲಿ ನಿಲ್ಲದೆ ಅಡ್ಡಾಡುತ್ತಿತ್ತು, ದಿನದಿಂದ ದಿನಕ್ಕೆ ಬೆನ್ನೆಲುಬು ಎದ್ದು ಕಾಣುತ್ತಿತ್ತು. ಉಣ್ಣೆ ಉದುರುವುದೂ ನಿಂತಿರಲಿಲ್ಲ. ಒಂದು ಬೆಳಿಗ್ಗೆ ಗೋಡೆಗೆ ಬಾಗಿ ಅದರ ಎದೆಗೆ ಅಂಗೈ ಇಟ್ಟೆ. ಒಳಗೆ ಗುಂಡಿಗೆ ಮಗ್ಗದ ಲಾಳಿಯ ಹಾಗೆ ಆ ಕಡೆ ಈ ಕಡೆ ಹಾರುತ್ತಿತ್ತು. ಒಮ್ಮೆ ನಾನು ಮರೆತು ಒಂದೇ ದಿನ ಎರಡೆರಡು ಗುಳಿಗೆ ನುಂಗಿದ್ದಾಗ ನನ್ನ ಎದೆ ಹೀಗೇ ಹಾರಿತ್ತು. ಅದು ಗೊತ್ತಿದ್ದೂ ಮರುದಿನ ಮತ್ತೆ ಬೆಲ್ಲದ ಉಂಡೆ ಕಟ್ಟಿದೆ. ಸೋಮವಾರಕ್ಕೆ ಇನ್ನು ಒಂಬತ್ತು ವಾರ ಉಳಿದಿತ್ತು.

ಆ ವಾರವೇ ದುಂಡವ್ವನ ಎರಡು ಕುರಿ ದಿನ ತುಂಬುವ ಮೊದಲೇ ಕಂದು ಹಾಕಿದವು, ಒಂದು ದೊಡ್ಡ ಕುರಿ ಮಲಗಿದ್ದು ಏಳಲೇ ಇಲ್ಲ. ಊರ ಹಿರಿಯ ಭರಮಪ್ಪ ಹೊಳೆಯಾಚೆಗೆ ಹೇಳಿ ಕಳಿಸಿ ದನದ ಡಾಕ್ಟರನ್ನು ಕರೆಸಿದ. ಬಂದವಳು ನಸೀಮಾ ಎಂಬ ಹುಡುಗಿ, ನನ್ನ ಕಿರಿ ಮಗಳ ವಯಸ್ಸು. ಸತ್ತ ಕುರಿಯನ್ನು ಕೊಯ್ದು ಗುಂಡಿಗೆಯ ಒಂದು ಚೂರನ್ನು ಸೀಸೆಗೆ ಹಾಕಿಕೊಂಡಳು. ಬದುಕಿದ್ದವುಗಳ ಕುತ್ತಿಗೆಯಿಂದ ರಕ್ತ ತೆಗೆದುಕೊಂಡಳು, ಚಿಕ್ಕಿಯದ್ದೂ. ಎಂಟು ದಿನ ಬಿಟ್ಟು ಕಾಗದಗಳ ಸಮೇತ ತಿರುಗಿ ಬಂದಳು.

ದುಂಡವ್ವನ ಹಿತ್ತಿಲಿನಲ್ಲಿ ಅರ್ಧ ಓಣಿ ಸೇರಿತ್ತು. ನಾನು ನನ್ನ ಕಡೆಯ ಗೋಡೆಗೆ ಮೊಣಕೈ ಊರಿ ನಿಂತಿದ್ದೆ. ದುಂಡವ್ವ ಕುರಿಗಳ ನಡುವೆ ನೆಲದ ಮೇಲೆ ಕೂತಿದ್ದಳು.

"ಮಾಂಸಖಂಡದ ಒಳಗೆ ಹುಳ ಸೇರಿದೆ," ಎಂದಳು ನಸೀಮಾ ಡಾಕ್ಟರು. "ಹುಳ ಅಂದ್ರೆ ಕಣ್ಣಿಗೆ ಕಾಣೋ ಅಂಥದ್ದಲ್ಲ. ಕೂದಲಿಗಿಂತ ಸಣ್ಣ ಚೀಲ ಮಾಡ್ಕೊಂಡು ಕೂತಿರುತ್ತೆ. ಗುಂಡಿಗೇಲಿ, ನಾಲಿಗೇಲಿ, ತೊಡೇಲಿ, ಎಲ್ಲ ಕಡೆ. ಅದಕ್ಕೇ ಇವು ಇಷ್ಟು ಸೋತಿರೋದು."

"ಎಲ್ಲಿಂದ ಬಂತ್ರಿ ಅದು?" ಎಂದು ಭರಮಪ್ಪ ಕೇಳಿದ.

"ನಾಯಿಯಿಂದ. ಈ ರೋಗ ಇರೋ ಕುರಿಯ ಹಸಿ ಮಾಂಸ ನಾಯಿ ತಿನ್ನುತ್ತೆ, ನಾಯಿಗೆ ಏನೂ ಆಗಲ್ಲ. ಅದರ ಹೇಲಲ್ಲಿ ಬೀಜ ಬೀಳುತ್ತೆ. ಆ ಹೇಲು ಮೇವಿಗೆ ಸೇರಿದ್ರೆ, ಮೇವು ತಿಂದ ಕುರಿಗೆ ಬರುತ್ತೆ. ನಿಮ್ಮೂರಲ್ಲಿ ಕುರಿ ಕೊಯ್ಯಲ್ಲ ಅಂದ್ರಿ. ಹೊರಗಿಂದ ಬಂದ ಮಾಂಸ ಯಾರೋ ಹಸಿಯದನ್ನೇ ನಾಯಿಗೆ ಹಾಕ್ತಿದ್ದಾರೆ."

ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನನ್ನ ಕಾಲ ಹತ್ತಿರ ಹಂಡ್ಯಾ ಮಲಗಿ ಬಾಲ ಬಡಿಯುತ್ತಿತ್ತು.

ಡಾಕ್ಟರು ಕಾಗದ ತಿರುವಿದಳು. "ಇನ್ನೊಂದು ಗೊತ್ತಾಯ್ತು. ಇವುಗಳ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ತುಂಬ ಕಮ್ಮಿ ಇದೆ, ಅದಕ್ಕೇ ಈ ಮಂಕು, ಈ ಚಳಿ. ಎಲ್ಲದರಲ್ಲೂ ಕಮ್ಮಿ. ಈ ಒಂದು ಬಿಟ್ಟು." ಅವಳು ಚಿಕ್ಕಿಯ ಹಣೆಯ ಮೇಲೆ ಬೆರಳಿಟ್ಟಳು. "ಇದಕ್ಕೆ ಸರಿಯಾಗಿದೆ, ಸ್ವಲ್ಪ ಹೆಚ್ಚೇ ಇದೆ. ಓಡಾಡ್ಕೊಂಡೂ ಇದೆ. ಹುಳ ಇದಕ್ಕೆ ಅಷ್ಟಾಗಿ ತಗುಲಿಲ್ಲ ಅಂತ ಕಾಣುತ್ತೆ. ಔಷಧ ಬೇರೆ ಎಲ್ಲದಕ್ಕೂ ಸಾಕಾಗುವಷ್ಟೇ ತಂದಿದ್ದೀನಿ, ಮತ್ತೆ ತರಿಸೋಕೆ ತಿಂಗಳಾಗುತ್ತೆ. ಇದನ್ನ ಬೇರೆ ಕಟ್ಟಿ, ಇದಕ್ಕೆ ಬೇಡ."

ಔಷಧ ಕೊಡಬೇಕಾದ ಕುರಿಗಳ ಬೆನ್ನ ಮೇಲೆ ಕೆಂಪು ಬಣ್ಣದ ಗೆರೆ ಎಳೆಯುತ್ತಾ ಬಂದರು. ಚಿಕ್ಕಿಯನ್ನು ಬಿಟ್ಟು ಮುಂದೆ ಹೋದರು. ದುಂಡವ್ವ ಅದರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ನೀ ಒಬ್ಬಾಕಿನಾರ ಗಟ್ಟಿ ಇದ್ದೀಯಲ್ಲವಾ, ನನ ಬಂಗಾರ," ಎಂದಳು. ಆ ನನ ಬಂಗಾರ ಎಂಬ ಮಾತು ನನ್ನ ಕಿವಿಗೆ ಕಾದ ಎಣ್ಣೆಯಾಗಿ ಬಿತ್ತು. ಅದೇ ಹೊತ್ತಿಗೆ ನನ್ನ ಅಂಗೈಯಲ್ಲಿ ಆ ಗುಂಡಿಗೆಯ ಹಾರಾಟ ಹಾಗೇ ಇತ್ತು, ಬೆಳಿಗ್ಗೆ ತಾನೇ ಮುಟ್ಟಿದ್ದೆನಲ್ಲ.

ಸುಮ್ಮನಿದ್ದರೆ ಸೋಮವಾರದವರೆಗೆ ನಾನು ದೂಡಬಲ್ಲೆ. ಚಿಕ್ಕಿ ನನ್ನ ಅಂಗೈಗೆ ಒಗ್ಗಿಹೋಗಿದೆ, ಬಾಗಿಲು ತೆರೆದರೆ ನನ್ನ ಕಡೆಗೇ ಬರುತ್ತದೆ. ಆದರೆ ಬರುವುದು ಯಾವುದು? ಒಳಗೆಲ್ಲ ಹುಳ ತಿಂದ ಒಂದು ಚರ್ಮ, ನನ್ನ ಗುಳಿಗೆಯ ಜೋರಿನಲ್ಲಿ ನಡೆದು ಬಂದು ನನ್ನ ಅಂಗಳದಲ್ಲಿ ಬೀಳುತ್ತದೆ. ಹೇಳಿದರೆ ಔಷಧ ಸಿಗುತ್ತದೆ, ನನ್ನ ಬಾಗಿಲಿಗೆ ಐದು ವರ್ಷ ಮುಳ್ಳು. ಚಿಕ್ಕಿಗೆ ಆಗಲೇ ಐದು. ಇನ್ನೈದು ವರ್ಷದಲ್ಲಿ ಅದು ಮುದಿ ಕುರಿ, ಇದ್ದರೆ. ಅಂದರೆ ಅದು ಇನ್ನೆಂದೂ ನನ್ನದಾಗುವುದಿಲ್ಲ, ಬದುಕಿರುವ ತನಕ ಆ ಹೆಂಗಸಿನ ಮಂಡಿನೋವಿನ ಕತೆ ಕೇಳಿಕೊಂಡು ಆ ಕಡೆಯೇ ಇರುತ್ತದೆ. ಆ ಯೋಚನೆ ಬಂದಾಗ, ಸತ್ತರೂ ಸಾಯಲಿ ಎಂದು ಒಂದು ಗಳಿಗೆ ನನ್ನ ಮನಸ್ಸು ಹೇಳಿತು. ಹೇಳಿತು, ನಾನು ಮುಚ್ಚಿಡುವುದಿಲ್ಲ.

"ಡಾಕ್ಟರಬಾಯೇರ," ಎಂದೆ. "ಅದಕ್ಕೂ ಗೆರಿ ಎಳೀರಿ."

ಎಲ್ಲರೂ ತಿರುಗಿದರು. ನಾನು ಸೊಂಟದಿಂದ ಗುಳಿಗೆಯ ಡಬ್ಬಿ ತೆಗೆದು ಗೋಡೆಯ ಮೇಲಿಟ್ಟೆ. "ಇದು ನನ್ನ ಥೈರಾಯ್ಡ್ ಗುಳಿಗಿ. ಎರಡ ತಿಂಗಳಾತು, ದಿನಾ ಮುಂಜಾನಿ ಅದಕ್ಕ ಹಾಕಾಕತ್ತೀನಿ. ಅದರ ರಕ್ತದಾಗ ಇದ್ದದ್ದು ಅದರದ್ದಲ್ರಿ. ನಂದು. ಹಸಿ ಮಾಂಸ ನಾಯಿಗೆ ಹಾಕಿದಾಕಿನೂ ನಾನ. ನಾಯಿ ಇವರ ಬಣವಿ ಮ್ಯಾಲ ಹೋಗೋದು ನನಗ ಗೊತ್ತಿತ್ತು."

ನಸೀಮಾ ಡಾಕ್ಟರು ಬಂದು ಡಬ್ಬಿಯ ಮೇಲಿನ ಅಕ್ಷರ ಓದಿದಳು. ಬೈಯುತ್ತಾಳೆಂದುಕೊಂಡೆ. "ಅಮ್ಮಾ, ನಿಮಗೆ ಬಂದಿರೋದು ಗ್ರಂಥಿಯ ರೋಗ," ಎಂದಳು ಮೆಲ್ಲಗೆ. "ಇವಕ್ಕೆ ಗ್ರಂಥಿ ನೆಟ್ಟಗಿದೆ. ಮೈಯೊಳಗೆ ಬೇರೆ ರೋಗ ಬಂದಾಗ ದೇಹ ತಾನೇ ಉರಿ ತಗ್ಗಿಸಿಕೊಳ್ಳುತ್ತೆ, ಒಲೆಯಿಂದ ಕಟ್ಟಿಗೆ ಹಿಂದಕ್ಕೆ ಎಳೆದ ಹಾಗೆ. ಇರೋ ಕಸುವು ಉಳೀಲಿ ಅಂತ. ನೀವು ಆ ಕಟ್ಟಿಗೇನ ಮತ್ತೆ ಒಳಗೆ ನೂಕ್ತಾ ಇದ್ರಿ." ಆಮೇಲೆ ಚಿಕ್ಕಿಯ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು. ಎದ್ದು ತಾನೇ ಅದರ ಬೆನ್ನ ಮೇಲೆ ಕೆಂಪು ಗೆರೆ ಎಳೆದಳು. ಇದ್ದ ಔಷಧದಲ್ಲೇ ಎಲ್ಲದಕ್ಕೂ ಒಂದಿಷ್ಟು ಕಡಿಮೆ ಮಾಡಿ ಅದಕ್ಕೂ ಪಾಲು ಹಚ್ಚಿದಳು.

ದುಂಡವ್ವ ಎದ್ದು ಗೋಡೆಯ ಹತ್ತಿರ ಬಂದಳು. "ಎರಡ ಕಂದು ಹೋದುವು ಲಗಮವ್ವ. ದೊಡ್ಡದೊಂದ ಹೋತು. ನೀ ಗ್ವಾಡಿ ಮ್ಯಾಲೆ ಕೈ ಇಟ್ಟ ನೋಡಕೋತ ನಿಂತಿದ್ದಿ. ನಾ ನಿನ್ನ ತಂಗಿ ಅಂದ್ಕೊಂಡಿದ್ದೆ." ಇಷ್ಟೇ ಹೇಳಿ ಬೆನ್ನು ತಿರುಗಿಸಿದಳು. ಆ ನಂತರ ಗೋಡೆಯ ಹತ್ತಿರ ಬರಲೇ ಇಲ್ಲ.

ಭರಮಪ್ಪ ಮುಳ್ಳು ಹಚ್ಚಿಸಿದ. ತಪ್ಪು ಹೇಳಿಕೊಂಡವಳು ಎಂದು ವರ್ಷವನ್ನೇನೂ ಕಡಿಮೆ ಮಾಡಲಿಲ್ಲ, ನಾನು ಕೇಳಲೂ ಇಲ್ಲ. ಬಾಳಪ್ಪ ಅವತ್ತು ಮಗ್ಗದಿಂದ ಎದ್ದು ಬಂದು ನನ್ನ ಪಕ್ಕ ಕೂತು, "ನಿನ್ನ ಹೊಟ್ಟಿಕಿಚ್ಚಿನಾಗ ಒಂದ ಕಂಬಳಿ ಒಣಗಿಸಬೌದಿತ್ತು," ಎಂದ. ಆಮೇಲೆ ಒಂದು ಲೋಟದಲ್ಲಿ ನೀರು, ಅಂಗೈಯಲ್ಲಿ ಒಂದು ಗುಳಿಗೆ ಹಿಡಿದು ನಾನು ನುಂಗುವ ತನಕ ಅಲ್ಲೇ ಇದ್ದ. ಅಂದಿನಿಂದ ನಾಯಿಗಳನ್ನು ಕಟ್ಟಿ ಹಾಕಿದೆ, ಮಾಂಸ ಬೇಯಿಸಿ ಹಾಕಿದೆ. ದುಂಡವ್ವನ ಬಣವೆಯ ಮೇಲಿನ ಮೇವನ್ನೆಲ್ಲ ನಾನೇ ಇಳಿಸಿ ಸುಟ್ಟು, ನಮ್ಮ ಹೊಲದ ಜೋಳದ ಕಣಿಕೆ ತಂದು ಒಟ್ಟಿದೆ. ಅವಳು ಬೇಡ ಎನ್ನಲಿಲ್ಲ, ಕುಡಿಯಲು ನೀರನ್ನೂ ಕೊಡಲಿಲ್ಲ.

ಔಷಧ ಎಲ್ಲವನ್ನೂ ಉಳಿಸಲಿಲ್ಲ. ಇನ್ನೂ ಎರಡು ಹೋದವು. ಚಿಕ್ಕಿಯದು ಹದಿನೈದು ದಿನ ಇದ್ದೀತೋ ಹೋದೀತೋ ಎಂಬ ಸ್ಥಿತಿ. ಗುಳಿಗೆ ನಿಂತ ಮೇಲೆ ಅದು ಮೊದಲಿಗಿಂತ ಜಡವಾಗಿ ಕತ್ತು ಚಾಚಿ ಬಿದ್ದುಬಿಟ್ಟಿತು. ದುಂಡವ್ವ ಅದರ ಮೇಲೆ ತನ್ನ ಕಂಬಳಿ ಹೊದಿಸಿ, ಗಂಜಿಯನ್ನು ಬಿದಿರಿನ ಗೊಟ್ಟದಿಂದ ಕುಡಿಸಿ, ಪಕ್ಕದಲ್ಲಿ ಕೂತು ಏನೇನೋ ಮಾತಾಡುತ್ತಿದ್ದಳು. ನಾನು ಗೋಡೆಯ ಈ ಕಡೆ ಕದಿರು ಹಿಡಿದು ಎಲ್ಲ ಕೇಳಿಸಿಕೊಂಡೆ. ಆ ಮಾತಿಗೆ ಕಿವಿಗೊಡುತ್ತಾ ಮೊದಲ ಸಲ ನನಗೂ ಅಲ್ಲಿ ಹೋಗಿ ಮಲಗಬೇಕು ಅನಿಸಿತು, ಅದಕ್ಕೆ ಇನ್ನೂ ಸಿಟ್ಟು ಬಂತು. ಹದಿನಾರನೆಯ ದಿನ ಚಿಕ್ಕಿ ಎದ್ದು ನಿಂತಿತು.

ಸೋಮವಾರದ ಹಿಂದಿನ ಸಂಜೆ ಭರಮಪ್ಪನ ಕಡೆಯವರು ಹಳೆಯ ಮುಳ್ಳು ತೆಗೆದು ಹಸಿ ಜಾಲಿ ಕೊಂಬೆ ಕಡಿದು ತಂದು ನನ್ನ ಬಾಗಿಲಿಗೆ ಅಡ್ಡ ಇಟ್ಟುಹೋದರು. ಬೆಳಿಗ್ಗೆ ನಾನೂ ಬಾಳಪ್ಪನೂ ಬಾಯಿ ತುಂಬ ನೀರು ತುಂಬಿಕೊಂಡು ಹೊಸ್ತಿಲ ಮೇಲೆ ಕೂತೆವು. ಮುಳ್ಳು ಹಚ್ಚಿಸಿಕೊಂಡವರೂ ಕೂರಬೇಕು, ಅದು ಶಿಕ್ಷೆಯ ಒಂದು ಭಾಗ. ಬಾಗಿಲುಗಳು ತೆರೆದವು. ಆಕಳು, ಆಡು, ಎತ್ತು, ಹಗ್ಗ ಬಿಚ್ಚಿದ ನನ್ನ ಎರಡು ನಾಯಿ ಬೀದಿ ತುಂಬ ಅಡ್ಡಾಡಿ ಒಂದೊಂದೇ ಮನೆ ಸೇರಿದವು. ನನ್ನ ಮುಳ್ಳಿನ ಮುಂದೆ ಒಂದೂ ನಿಲ್ಲಲಿಲ್ಲ. ದುಂಡವ್ವನ ಕುರಿಗಳಲ್ಲಿ ಅರ್ಧ ಬೇರೆ ಮನೆಗಳಿಗೆ ಹೋದವು. ಅವಳು ಕೆನ್ನೆ ಉಬ್ಬಿಸಿಕೊಂಡು, ಹೋದವುಗಳನ್ನು ನೋಡುತ್ತಾ ಕೂತಿದ್ದಳು. ಚಿಕ್ಕಿ ಕೊನೆಗೆ ಬಂತು. ಉಣ್ಣೆ ಇನ್ನೂ ಅಲ್ಲಲ್ಲಿ ತೆಳ್ಳಗಿತ್ತು, ನಡಿಗೆ ನೆಟ್ಟಗಿತ್ತು. ಬೀದಿಯ ನಡುವೆ ನಿಂತು ಮೈ ಕೊಡವಿಕೊಂಡಿತು.

ಆಮೇಲೆ ಬಲಕ್ಕೆ ತಿರುಗಿ ನನ್ನ ಬಾಗಿಲಿಗೆ ಬಂತು. ಜಾಲಿ ಕೊಂಬೆಗಳೊಳಗೆ ಮೂತಿ ತೂರಿಸಿತು. ಮುಳ್ಳು ಚುಚ್ಚಿ ಹಿಂದೆ ಸರಿಯಿತು, ಮತ್ತೆ ತೂರಿಸಿತು. ನಾನು ಹಲ್ಲು ಕಚ್ಚಿ ನೀರು ಹಿಡಿದಿದ್ದೆ. ಬಾಳಪ್ಪ ನನ್ನ ರಟ್ಟೆ ಹಿಡಿದುಕೊಂಡಿದ್ದ. ಎಷ್ಟು ಹೊತ್ತು ನಿಂತಿತೋ, ಕೊನೆಗೆ ಕತ್ತು ತಿರುಗಿಸಿ ನಿಧಾನವಾಗಿ ನಡೆದು ದುಂಡವ್ವನ ದೊಡ್ಡಿ ಹೊಕ್ಕಿತು.

ಎಲ್ಲರೂ ಉಗುಳಿದರು. ಓಣಿಗೆ ಓಣಿಯೇ ನಕ್ಕಿತು. "ಜಾಲಿಕಾಯಿ ಆಸಿಗೆ ಮಾರಿ ಹರಕೊಂಡತಲ್ಲೋ," ಎಂದು ಎದುರು ಮನೆಯವನು ಕೂಗಿ ಹೇಳಿದ. ಕುರಿಗಳಿಗೆ ಜಾಲಿಕಾಯಿ ಎಂದರೆ ಪ್ರಾಣ, ಯಾರಿಗೆ ಗೊತ್ತಿಲ್ಲ.

ನಾನು ಹಿತ್ತಿಲಿಗೆ ಹೋದೆ. ಎರಡು ತಿಂಗಳ ಮೇಲೆ ದುಂಡವ್ವ ಗೋಡೆಯ ಹತ್ತಿರ ಬಂದು ನಿಂತಿದ್ದಳು. ಅವಳ ಮುಖ ಬಾಡಿತ್ತು, ಕಣ್ಣುಗಳು ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದವು. ಅದೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದು ವರ್ಷ ನಾನು ಇದೇ ಗೋಡೆಯ ಮೇಲಿಂದ ಅದೇ ಕಣ್ಣಿನಲ್ಲಿ ಅವಳನ್ನು ನೋಡಿದ್ದೆ.

"ಲಗಮವ್ವ," ಎಂದಳು ಸಣ್ಣ ದನಿಯಲ್ಲಿ. "ಅದು ಕಾಯಿಗೆ ಬಂದಿತ್ತಲ್ಲ?"

ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. "ಹೌದಕ್ಕಾ," ಎಂದೆ. "ಕಾಯಿಗೇ ಬಂದಿತ್ತು."

ಅವಳ ಮುಖ ಸಡಿಲವಾಯಿತು. ನನ ಬುದ್ಧಿಗಿಷ್ಟು ಎಂದುಕೊಂಡು, ಚಿಕ್ಕಿಗೆ ನೀರಿಡಲು ಕೊಡ ತೆಗೆದುಕೊಂಡು ಒಳಗೆ ಹೋದಳು.

ಆ ಕೊಂಬೆಗಳಲ್ಲಿ ಒಂದೂ ಕಾಯಿ ಇರಲಿಲ್ಲ. ಕಾಯಿ ಆಸೆಗೆ ಯಾವುದೂ ನನ್ನ ಬಾಗಿಲಿಗೆ ಬರುವುದು ಬೇಡವೆಂದು ನಸುಕಿನಲ್ಲೇ ಎದ್ದು, ಮುಳ್ಳಿನೊಳಗೆ ಕೈ ಹಾಕಿ ಎಲ್ಲವನ್ನೂ ಕಿತ್ತು ಒಲೆಗೆ ಹಾಕಿದ್ದೆ. ಸೆರಗಿನೊಳಗೆ ನನ್ನ ಹತ್ತೂ ಬೆರಳು ಉರಿಯುತ್ತಿದ್ದವು.